ಕವಳಕ್ಕೆ ಮೊದಲು ಒಂದು ಲೋಟ ಮಜ್ಜಿಗೆ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೊಟ್ಟವಳು ನನ್ನ ಸೊಸೆ. ಕೊಟ್ಟಳು ಅನ್ನುವುದಕ್ಕಿಂತ, ಟೆಂಪೊ ಹತ್ತಿ ಕೂತವಳು ನಾನು ಇಳಿಯಲಿಲ್ಲ ಅನ್ನುವುದೇ ಸರಿ.

ಸೊಸೆಯದು ತಾರಸಿ ಹಾಕುವ ಗ್ಯಾಂಗು. ಮನೆಯೋ ಅಂಗಡಿಯೋ ಶಾಲೆಯೋ, ಕಾಂಕ್ರೀಟು ಹಾಕುವ ದಿನ ಗೊತ್ತಾದರೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಜನ ಅವಳಿಗೆ ಫೋನು ಮಾಡುತ್ತಾರೆ. ಒಂದು ಮಿಕ್ಸರು, ಕಾಂಕ್ರೀಟು ಮೇಲಕ್ಕೆತ್ತುವ ಒಂದು ಲಿಫ್ಟು, ಹದಿನಾಲ್ಕು ಜನ. ನನ್ನ ಮಗ ಟೆಂಪೊ ಓಡಿಸುತ್ತಾನೆ. ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಹೋಗಿ ಹೆಂಡತಿ ಹೇಳಿದ ಕಡೆ ನಿಲ್ಲಿಸುತ್ತಾನೆ. ಮದುವೆಯಾದ ಹೊಸತರಲ್ಲಿ ಅವನು ಹೇಳಿದ ಕಡೆ ಅವಳು ನಿಲ್ಲುತ್ತಿದ್ದಳು. ಈಗಿನದೇ ಚೆನ್ನಾಗಿದೆ. ಟೆಂಪೊ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

ತಾರಸಿ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಮೊದಲ ಬಾಂಡ್ಲಿ ಕಾಂಕ್ರೀಟು ಬಿತ್ತು ಅಂದರೆ ಕೊನೆಯ ಮೂಲೆ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ನಡುವೆ ನಿಲ್ಲಿಸಿದರೆ ಮೊದಲು ಹಾಕಿದ್ದು ಗಟ್ಟಿಯಾಗುತ್ತದೆ, ಆಮೇಲೆ ಹಾಕಿದ್ದು ಅದರ ಜೊತೆ ಕೂಡುವುದಿಲ್ಲ. ನಮ್ಮ ಕಡೆಯ ಮಳೆ ಆ ಗೆರೆಯನ್ನೇ ಹುಡುಕಿಕೊಂಡು ಒಳಗೆ ಬರುತ್ತದೆ. ಆದ್ದರಿಂದ ಊಟವೂ ತಾರಸಿ ಮುಗಿದ ಮೇಲೆಯೇ. ಕಟ್ಟಿಸುವವರು ಆ ದಿನ ಗ್ಯಾಂಗಿಗೆಲ್ಲ ಕೋಳಿಸಾರಿನ ಊಟ ಹಾಕುತ್ತಾರೆ. ಆ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಜನ ಇನ್ನೂ ಜೋರಾಗಿ ಬಾಂಡ್ಲಿ ದಾಟಿಸುತ್ತಾರೆ.

ಹೋದ ಬೇಸಿಗೆಯಲ್ಲಿ ಆನಂದಪುರದ ಹತ್ತಿರ ಒಂದು ಮನೆಯ ತಾರಸಿ. ಬಾಂಡ್ಲಿ ದಾಟಿಸುವ ಹೆಂಗಸರಲ್ಲಿ ಎಲ್ಲರಿಗಿಂತ ಎತ್ತರದವಳೊಬ್ಬಳು ಇದ್ದಾಳೆ. ಗ್ಯಾಂಗಿನಲ್ಲಿ ಎಲ್ಲರಿಗಿಂತ ಗಟ್ಟಿಯವಳೂ ಅವಳೇ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವಳು ತುಂಬಿದ ಬಾಂಡ್ಲಿಯನ್ನು ಪಕ್ಕದವಳ ಕೈ ಮುಟ್ಟುವ ಮೊದಲೇ ಬಿಟ್ಟುಬಿಟ್ಟಳಂತೆ. ಆಮೇಲೆ, "ಗದ್ದೆಗೆ ನೀರು ಬಿಟ್ರಾ?" ಅಂತ ಕೇಳಿದಳಂತೆ. ಅವಳಿಗೆ ಗದ್ದೆಯೇ ಇಲ್ಲ. ಎಲ್ಲರೂ ನಕ್ಕರು. ನಗು ಮುಗಿಯುವುದರೊಳಗೆ ಅವಳು ಮಂಡಿ ಮಡಚಿ ಬಿದ್ದಿದ್ದಳು.

ಒಬ್ಬರು ಗಾಳಿ ಸೋಕಿದೆ ಅಂದರು. ಒಬ್ಬರು ಈರುಳ್ಳಿ ಮೂಸಿಸಿ ಅಂದರು. ಅಷ್ಟರಲ್ಲಿ ಹೊತ್ತು ಹೋಯಿತು. ಸಾಗರದ ಆಸ್ಪತ್ರೆಯಲ್ಲಿ ಅವಳ ಮೈಗೆಲ್ಲ ಮಂಜುಗಡ್ಡೆ ಇಟ್ಟು ಉಳಿಸಿಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ನರ್ಸಮ್ಮ ಸೊಸೆಗೆ ಚೆನ್ನಾಗಿ ಬೈದರಂತೆ.

ಅವತ್ತು ಸಂಜೆ ಸೊಸೆ ಹೊಸನಗರದ ನಮ್ಮ ಮನೆಗೆ ಬಂದವಳು ಕೈ ಕೂಡ ತೊಳೆಯದೆ ಮೆಟ್ಟಿಲ ಮೇಲೆ ಕೂತಳು.

"ಅತ್ತೆ, ನನ್ನ ಸೈಟಲ್ಲಿ ಇನ್ನೊಂದು ಜನ ಬಿದ್ರೆ ಮಿಕ್ಸರ್ ಮಾರ್ತೀನಿ. ಆಣೆ ಮಾಡಿ ಹೇಳ್ತಿದೀನಿ."

"ಯಾರ ಮೇಲೆ ಆಣೆ?"

"ಸಿಗಂದೂರಮ್ಮನ ಮೇಲೆ."

ನನಗೆ ಹೆದರಿಕೆಯಾಯಿತು. ನನ್ನ ಮೇಲೆ ಆಣೆ ಮಾಡಿದ್ದರೆ ನಾಲ್ಕು ದಿನ ಬಿಟ್ಟು ಮುರಿಯಬಹುದಿತ್ತು, ಇದುವರೆಗೆ ಹಾಗೇ ನಡೆದಿದೆ. ದೇವಿ ಸಿಗಂದೂರಮ್ಮನ ವಿಷಯ ಬೇರೆ. ಹದಿನಾಲ್ಕು ಜನರ ಕೆಲಸ ಆ ಒಂದು ಮಾತಿಗೆ ತೂಗಿಬಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಸೊಸೆ. ಮಿಕ್ಸರು ತಿರುಗಲು ಶುರುವಾದರೆ ತನಗೇ ಗೊತ್ತಿಲ್ಲದೆ ಸಿಳ್ಳೆ ಹಾಕುವ ಹೆಂಗಸು ಅವಳು. ಅವಳು ಮನೆಯಲ್ಲಿ ಕೂತರೆ ಆ ಸಿಳ್ಳೆ ಯಾರಿಗೆ?

ನರ್ಸಮ್ಮ ಹೇಳಿದ್ದನ್ನೆಲ್ಲ ನಾನು ಕೇಳಿ ಕೇಳಿ ಫೋನಿನಲ್ಲಿ ಬರೆದುಕೊಂಡೆ. ಕನ್ನಡ ಒತ್ತುವುದನ್ನು ಆಗಷ್ಟೇ ಕಲಿತಿದ್ದೆ. ಸೆಖೆಯಲ್ಲಿ ದುಡಿಯುವವರು ತಪ್ಪು ಮಾತಾಡಿದರೆ, ತೊದಲಿದರೆ, ತೂರಾಡಿದರೆ ಕಾಯಬಾರದು. ನೆರಳಿಗೆ ತಂದು ಮೈ ತುಂಬ ತಣ್ಣೀರು ಹೊಯ್ದು ಗಾಳಿ ಹಾಕಬೇಕು, ಅಷ್ಟರಲ್ಲಿ ಗಾಡಿ ಬರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬಾರದು. ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ ಕುಡಿಯಬೇಕು. ರಜೆ ಮುಗಿಸಿ ಬಂದವರಿಗೆ ಮೊದಲ ದಿನವೇ ಪೂರ್ತಿ ಕೆಲಸ ಕೊಡಬಾರದು, ಮೈಗೆ ಸೆಖೆ ಮತ್ತೆ ಅಭ್ಯಾಸವಾಗಬೇಕು.

ಗ್ಯಾಂಗಿನವರದೆಲ್ಲ ಫೋನಿನಲ್ಲಿ ಒಂದು ಗ್ರೂಪಿದೆ. ಸೊಸೆಯ ಹತ್ತಿರ ಹೇಳಿ ನಾನೂ ಸೇರಿಕೊಂಡೆ. ಮುಂದಿನ ಸಲ ಅವರು ಕೆಲಸದಲ್ಲಿದ್ದಾಗ "ಎಲ್ಲರೂ ನೀರು ಕುಡಿಯಿರಿ" ಅಂತ ಬರೆದು ಕಳಿಸಿದೆ. ಬರೆಯಲು ಕಾಲು ಗಂಟೆ ಹಿಡಿಯಿತು. ಒಬ್ಬರೂ ನೋಡಲಿಲ್ಲ. ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡವರು ಫೋನು ಹೇಗೆ ಮುಟ್ಟುತ್ತಾರೆ? ಸಂಜೆ ಕೈ ತೊಳೆದ ಮೇಲೆ ಒಂದರ ಹಿಂದೆ ಒಂದು ಹೆಬ್ಬೆರಳಿನ ಚಿತ್ರಗಳು ಬಂದವು. ಬಾಯಾರಿದವರಿಗೆ ನೀರಿನ ಕೊಡವನ್ನೇ ಹತ್ತಿರ ಒಯ್ಯಬೇಕು ಅಂತ ನನಗೆ ಅರ್ಥವಾಯಿತು. ಅದಕ್ಕೇ ನಾನು ಟೆಂಪೊ ಹತ್ತಿ ಕೂತದ್ದು.

"ಅತ್ತೆ, ಇಳೀರಿ. ಬಿಸಿಲಿಗೆ ನೀವೇ ಮೊದ್ಲು ಬೀಳ್ತೀರಿ," ಅಂದಳು ಸೊಸೆ.

"ನಾನು ನಿನ್ನ ಕೆಲಸದವಳಲ್ಲ. ನಾನು ಬಿದ್ರೆ ಆಣೆಗೆ ಲೆಕ್ಕ ಇಲ್ಲ."

ಮಗ ಸ್ಟೇರಿಂಗು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಇಬ್ಬರು ಹೆಂಗಸರ ನಡುವೆ ಕೂರುವ ಗಂಡಸಿಗೆ ರಸ್ತೆ ಬಹಳ ಚೆಂದ ಕಾಣುತ್ತದೆ.

ಮೊದಲ ದಿನದ ಕೆಲಸ ಹೊಸನಗರದಲ್ಲೇ, ಒಂದು ಮನೆಯ ಮುಂದಿನ ಪೋರ್ಟಿಕೊ. ಚಿಕ್ಕ ತಾರಸಿ. ಆ ಎತ್ತರದವಳೂ ಮೂರು ವಾರದ ಮೇಲೆ ಆ ದಿನವೇ ವಾಪಸು ಬಂದಿದ್ದಳು. ನರ್ಸಮ್ಮನ ಮಾತಿನಂತೆ ಸೊಸೆ ಅವಳಿಗೆ ಅರ್ಧ ದಿನ, ಅದೂ ಖಾಲಿ ಬಾಂಡ್ಲಿ ವಾಪಸು ಎಸೆಯುವ ಕೆಲಸ ಕೊಟ್ಟಳು. ಅವಳಿಗೆ ಅವಮಾನವಾಯಿತು.

"ಎಂತ ದೊಡ್ಡಮ್ಮ, ನನ್ನನ್ನ ಬಾಣಂತಿ ಮಾಡಿದ್ರಾ?" ಅಂತ ನನ್ನ ಮೇಲೆ ರೇಗಿದಳು.

"ಹೌದು ಮಾರಾಯ್ತಿ, ಎಣ್ಣೆ ನೀರು ಹಾಕದೊಂದು ಬಾಕಿ. ಸುಮ್ನೆ ಎಸಿ."

ಮೇಸ್ತ್ರಿಯ ಪರಿಚಯ ನನಗೆ ಸರಿಯಾಗಿ ಆದದ್ದೂ ಅಂದೇ. ಐವತ್ತು ದಾಟಿದ ಮನುಷ್ಯ. ತಾರಸಿಯ ಮೇಲೆ ನಿಂತು ಕಾಂಕ್ರೀಟನ್ನು ಕೂರಿಸಿ ಮಟ್ಟ ಮಾಡುವವನು. ಕೆಲಸದಲ್ಲಿ ಎಷ್ಟು ಚುರುಕೋ ಬಾಯಲ್ಲಿ ಅದಕ್ಕಿಂತ ಹೆಚ್ಚು. ನನ್ನ ನೀರಿನ ಕೊಡಗಳನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಅಜ್ಜಿ, ನಾವೆಂತ ಬಳ್ಳಾರಿಯವ್ರಾ? ಇದು ಮಲ್ನಾಡು. ಇಲ್ಲಿ ಸೆಖೆಗೆ ಯಾರೂ ಸಾಯಲ್ಲ. ಸತ್ರೆ ಜಿಗಣೆ ಕಚ್ಚಿ ಸಾಯ್ಬೇಕು."

"ಜಿಗಣೆ ಕಚ್ಚಿ ಯಾರು ಸತ್ತಿದಾರೆ, ಹೇಳು ನೋಡ್ವ."

"ಯಾರೂ ಸತ್ತಿಲ್ಲ. ಅದಕ್ಕೇ ಹೇಳಿದ್ದು, ಇಲ್ಲಿ ಯಾರೂ ಸಾಯಲ್ಲ ಅಂತ."

ಇಂಥವನ ಹತ್ತಿರ ಮಾತಾಡುವುದು ನನಗೆ ಬಲು ಇಷ್ಟ.

ನಾನು ಆ ದಿನ ಮೂರು ಕೊಡ ನೀರು, ಒಂದು ದೊಡ್ಡ ಪಾತ್ರೆ ಮಜ್ಜಿಗೆ ತಂದಿದ್ದೆ. ಶುಂಠಿ, ಉಪ್ಪು, ಕರಿಬೇವು ಹಾಕಿದ ಮಜ್ಜಿಗೆ. ಜನ ನನ್ನ ಹತ್ತಿರ ಬರಲಿ ಅಂತ ಇನ್ನೊಂದು ಉಪಾಯವನ್ನೂ ಮಾಡಿದ್ದೆ: ಕವಳದ ತಟ್ಟೆ. ಎಲೆ ಅಡಿಕೆ ಸುಣ್ಣ, ಬೇಕಾದವರಿಗೆ ಚೂರು ಹೊಗೆಸೊಪ್ಪು. ನಮ್ಮ ಕಡೆ ಕವಳ ಕೊಡದೆ ಯಾರಿಂದಲೂ ಕೆಲಸ ಮಾಡಿಸಲಾಗುವುದಿಲ್ಲ. ತಟ್ಟೆ ನೋಡಿ ಎಲ್ಲರೂ ಬಂದರು. ನಾಲ್ಕು ಸಲ ತುಂಬಿಸಿದೆ, ನಾಲ್ಕು ಸಲವೂ ಖಾಲಿ. ಮದುವೆ ಮನೆಯ ಬೀಗಿತ್ತಿಯ ಹಾಗೆ ನೆರಳಲ್ಲಿ ಕಾಲು ನೀಡಿ ಕೂತು ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಕೆಲಸ ಮುಗಿದ ಮೇಲೆ ಕೊಡದ ಮುಚ್ಚಳ ತೆಗೆದು ನೋಡಿದರೆ ನೀರು ತಂದ ಹಾಗೇ ಇದೆ. ಮಜ್ಜಿಗೆ ಕುಡಿದವರು ಮೂವರೋ ನಾಲ್ವರೋ ಗಂಡಸರು ಮಾತ್ರ.

ಎತ್ತರದವಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡೆ. "ಎಂತಕ್ಕೆ ನೀರು ಕುಡೀಲಿಲ್ಲ?"

"ಬಾಯಲ್ಲಿ ಕವಳ ಇತ್ತಲ್ಲ ದೊಡ್ಡಮ್ಮ. ಅಷ್ಟು ಚೊಲೋ ಕವಳ ಉಗಿಯಕ್ಕೆ ಮನಸ್ಸು ಬರಲ್ಲ."

"ಎಲ್ಲಾ ಹೆಂಗಸ್ರ ಬಾಯಲ್ಲೂ ಇತ್ತಾ?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಕವಳ ಹಾಕ್ಕಂಡ್ರೆ ಬಾಯಾರದು ಗೊತ್ತಾಗಲ್ಲ. ನೀರು ಕುಡಿದ್ರೆ ಎಲ್ಲಿಗೆ ಹೋಗದು, ಹೇಳಿ. ಗಂಡಸ್ರು ಆ ಜಲ್ಲಿ ಗುಡ್ಡೆ ಹಿಂದೆ ಹೋಗಿ ಬರ್ತಾರೆ. ನಾವೆಂತ ರಸ್ತೆ ಬದೀಲಿ ಕೂರದಾ?"

"ಆನಂದಪುರದಲ್ಲೂ ಹೀಗೇನಾ?"

"ಅವತ್ತು ಬೆಳಿಗ್ಗೆ ಒಂದು ಲೋಟ ಚಾ. ಆಮೇಲೆ ನಾಲ್ಕು ಕವಳ. ಅಷ್ಟೇ."

ಅವಳನ್ನು ಕೆಡವಿದ್ದ ವಸ್ತುವನ್ನೇ ನಾನು ತಟ್ಟೆಯಲ್ಲಿಟ್ಟು ನಾಲ್ಕು ಸಲ ಹಂಚಿದ್ದೆ. ಮತ್ತೆ ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ವಯಸ್ಸಿನಲ್ಲಿ ರಸ್ತೆಗೆ ಜಲ್ಲಿ ಹರಡುವ ಕೆಲಸಕ್ಕೆ ಹೋಗುತ್ತಿದ್ದಾಗ ನಾನೂ ಹೀಗೇ ಬಾಯಿ ತುಂಬಿಕೊಂಡು ಸಂಜೆವರೆಗೆ ತಡೆದುಕೊಳ್ಳುತ್ತಿದ್ದೆ. ನೆರಳಲ್ಲಿ ಕೂತ ಒಂದೇ ದಿನಕ್ಕೆ ಅದು ಮರೆತುಹೋಗಿತ್ತು.

ಸೊಸೆಗೆ ಹೇಳಿದೆ. ಅವಳ ಮುಖ ಸಪ್ಪೆಯಾಯಿತು. "ನಂಗೆ ಸ್ಕೂಟಿ ಇದೆ ಅತ್ತೆ. ಗುರುತಿನ ಮನೆಗೆ ಹೋಗಿ ಬರ್ತೀನಿ. ಅವ್ರು ಎಲ್ಲಿಗೆ ಹೋಗ್ತಾರೆ ಅಂತ ಒಂದು ದಿನನೂ ಹೊಳೀಲಿಲ್ಲ ನೋಡಿ."

ಮುಂದಿನ ಕೆಲಸ ದೊಡ್ಡದು. ತೀರ್ಥಹಳ್ಳಿ ಕಡೆ, ಮೇಳಿಗೆಯ ಹತ್ತಿರ, ಊರವರು ಸೇರಿ ಕಟ್ಟಿಸುತ್ತಿದ್ದ ಸಮುದಾಯ ಭವನದ ತಾರಸಿ. ಮಳೆ ಬರುವ ಮೊದಲು ಮುಗಿಯಬೇಕು. ಮೇ ತಿಂಗಳು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ ಕಟ್ಟಿ ಗಾಳಿಯೇ ಇಲ್ಲದೆ ಹಬೆಯಲ್ಲಿ ಕೂತ ಹಾಗೆ. ಸೊಸೆ ಆ ವಾರವೆಲ್ಲ ಸಿಳ್ಳೆ ಹಾಕಲಿಲ್ಲ. ಈ ತಾರಸಿಯಲ್ಲಿ ಯಾರಾದರೂ ಬಿದ್ದರೆ ಇದೇ ಕೊನೆಯ ತಾರಸಿ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಹಿಂದಿನ ದಿನವೇ ಹೋಗಿ ಮೊದಲು ಗುಂಡಿ ತೆಗೆಸಿದೆವು. ನಾಲ್ಕು ಬಿದಿರು ಹುಗಿದು, ಸುತ್ತ ಅಡಿಕೆ ಗರಿಯ ಸೋಗೆ ಕಟ್ಟಿ ಮರೆ ಮಾಡಿ, ಒಳಗೆ ಚಿಲಕವಿರುವ ತಗಡಿನ ಬಾಗಿಲು, ಹೊರಗೆ ಒಂದು ಡ್ರಮ್ಮು ನೀರು, ಮಗ್ಗು, ಸೋಪು. ಉದ್ಘಾಟನೆಯನ್ನು ನಾನೇ ಮಾಡಿದೆ. ಹೇಗೆ ಅಂತ ಬರೆಯುವುದಿಲ್ಲ.

ಮೇಸ್ತ್ರಿ ಸುತ್ತ ಒಂದು ಪ್ರದಕ್ಷಿಣೆ ಬಂದ. "ಎಂತ ಅಜ್ಜಿ, ಭವನಕ್ಕಿಂತ ಮೊದ್ಲು ಇದರ ಗೃಹಪ್ರವೇಶನಾ?"

"ಹೌದು. ನಿಂಗೆ ಕರೆ ಇಲ್ಲ. ಇದು ಹೆಂಗಸ್ರಿಗೆ."

"ಈ ಡ್ರಮ್ಮಿನ ನೀರು ಕಾಂಕ್ರೀಟಿಗೆ ಸೇರಿಸ್ಬೇಡಿ ಮತ್ತೆ. ತಾರಸಿ ನಾಚ್ಕಂಡು ಕೆಳಗೆ ಬರ್ತದೆ."

ತಾರಸಿಯ ದಿನ ನಸುಕಿನಲ್ಲೇ ಮಿಕ್ಸರಿಗೆ ಕಾಯಿ ಒಡೆದು ಶುರು ಮಾಡಿದರು. ಬಿಸಿಲು ಏರುವುದರೊಳಗೆ ಅರ್ಧ ಮುಗಿಯಲಿ ಅಂತ. ನಾನು ಮರದ ಕೆಳಗೆ ನನ್ನ ಅಂಗಡಿ ಹೂಡಿದೆ. ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ನೀರು. ಕವಳದ ತಟ್ಟೆಯೂ ಇತ್ತು, ಆದರೆ ಈ ಸಲ ನನ್ನ ತೊಡೆಯ ಮೇಲೆ. ಒಂದು ಲೋಟ ಮಜ್ಜಿಗೆಯನ್ನು ನನ್ನ ಕಣ್ಣೆದುರು ಕುಡಿದು ಲೋಟ ಬೋರಲು ಮಾಡಿ ತೋರಿಸಿದವರಿಗೆ ಮಾತ್ರ ಕವಳ. ಮುಂದಿನ ಕವಳಕ್ಕೆ ಮುಂದಿನ ಲೋಟ.

"ಇದು ಅನ್ಯಾಯ ದೊಡ್ಡಮ್ಮ," ಅಂದಳು ಒಬ್ಬಳು.

"ಅನ್ಯಾಯನೇ. ಕುಡಿ."

ಮರದ ಕೊಂಬೆಗೆ ಒಂದು ಕಬ್ಬಿಣದ ಸರಳಿನ ತುಂಡು ಕಟ್ಟಿಸಿದ್ದೆ. ಅದರ ಪಕ್ಕ ಒಂದು ಒದ್ದೆ ಟವೆಲು ಹರವಿದ್ದೆ. ಟವೆಲು ಬೇಗ ಒಣಗಿದರೆ ಮೈಯ ಬೆವರೂ ಒಣಗುತ್ತದೆ, ಮೈ ತಣ್ಣಗಾಗುತ್ತದೆ. ಟವೆಲು ಒದ್ದೆ ಒದ್ದೆಯಾಗೇ ಇದ್ದರೆ ಬೆವರು ಬರೀ ಸುರಿಯುತ್ತದೆ, ಪ್ರಯೋಜನವಿಲ್ಲ. ಅಂಥ ಹೊತ್ತಿನಲ್ಲಿ ನಾನು ಸರಳನ್ನು ಬೇಗ ಬೇಗ ಬಡಿಯುತ್ತಿದ್ದೆ. ಬಡಿದಾಗಲೆಲ್ಲ ಇಬ್ಬರು ನೆರಳಿಗೆ ಬರಬೇಕು.

ಕೆಲಸ ನಿಲ್ಲಿಸುವ ಹಾಗಿಲ್ಲವಲ್ಲ, ಮತ್ತೆ ಹೇಗೆ ಅಂತ ಸೊಸೆ ಕೇಳಿದ್ದಳು. ಅದಕ್ಕೆ ನನ್ನ ಹತ್ತಿರ ನಟ್ಟಿಯ ಲೆಕ್ಕವಿತ್ತು. ಗದ್ದೆಯಲ್ಲಿ ಸಾಲಾಗಿ ಸಸಿ ನೆಡುವಾಗ ಮಗುವಿಗೆ ಹಾಲು ಕೊಡಲು ಒಬ್ಬಳು ಎದ್ದು ಹೋದರೆ, ಅವಳ ಎಡಬಲದವರು ಒಂದೊಂದು ಹೆಜ್ಜೆ ಒಳಗೆ ಸರಿದು ಅವಳ ಜಾಗವನ್ನು ಹಂಚಿಕೊಂಡು ನೆಡುತ್ತಿದ್ದೆವು. ಸಾಲು ನಿಲ್ಲುತ್ತಿರಲಿಲ್ಲ. ಅವಳು ಬಂದ ಮೇಲೆ ಮತ್ತೆ ಸರಿದು ಜಾಗ ಬಿಡುವುದು. ಬಾಂಡ್ಲಿಯ ಸಾಲೂ ಹಾಗೇ ಅಲ್ಲವಾ? ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ನಟ್ಟಿ ಸಾಲು" ಅಂದೆ, ಸಾಕಾಯಿತು. ಇಬ್ಬರು ಹೋದರು, ಉಳಿದವರು ಸರಿದರು, ಬಾಂಡ್ಲಿ ನಡೆಯುತ್ತಲೇ ಇತ್ತು. ಸೋಗೆಯ ಬಾಗಿಲಿನ ಚಿಲಕವೂ ಬೆಳಗಿನಿಂದ ಬಿಡುವಿಲ್ಲದೆ ಟಕ್ ಟಕ್ ಅನ್ನುತ್ತಿತ್ತು. ಮಜ್ಜಿಗೆಯ ಪಾತ್ರೆ ಒಂಬತ್ತಕ್ಕೇ ಖಾಲಿಯಾಗಿ ಮಗ ಇನ್ನೊಂದು ತರಲು ಹೋದ. ಅಷ್ಟು ಸಂತೋಷವಾಗಿ ನಾನು ಯಾವ ಖಾಲಿ ಪಾತ್ರೆಯನ್ನೂ ನೋಡಿರಲಿಲ್ಲ.

ನನ್ನ ಕಾನೂನಿಗೆ ಸಿಗದವನು ಒಬ್ಬನೇ. ಮೇಸ್ತ್ರಿ. ಅವನಿಗೆ ನನ್ನ ತಟ್ಟೆ ಬೇಕಾಗಿರಲಿಲ್ಲ, ಸೊಂಟದಲ್ಲಿ ಸ್ವಂತ ಎಲೆ ಸಂಚಿ ಇತ್ತು. ಸರಳು ಬಡಿದರೆ ಮೇಲಿನಿಂದಲೇ ಸಂಚಿ ಎತ್ತಿ ತೋರಿಸುತ್ತಿದ್ದ.

"ಅಜ್ಜಿ, ನಾನು ಸ್ವತಂತ್ರ."

"ಸ್ವತಂತ್ರ ಆಗಿ ಒಂದು ಲೋಟ ಕುಡಿ."

"ಹೆಂಗಸ್ರ ಜೊತೆ ಸಾಲಲ್ಲಿ ನಿಂತು ಮಜ್ಜಿಗೆ ಕುಡಿಯಕ್ಕೆ ನಾನೆಂತ ಸತ್ಯನಾರಾಯಣ ಪೂಜೆಗೆ ಬಂದಿದ್ನಾ?"

ಹೀಗೆ ಹತ್ತು ಸಲ ಆಯಿತು. ನಾನೊಂದು ಅಂದರೆ ಅವನು ಎರಡು ಅನ್ನುತ್ತಿದ್ದ. ಬಾಂಡ್ಲಿಯ ಸಾಲಿನವರು ನಮ್ಮ ಜಗಳ ಕೇಳಿಕೊಂಡೇ ಕೆಲಸ ಮಾಡುತ್ತಿದ್ದರು.

ಹನ್ನೊಂದರ ಹೊತ್ತಿಗೆ ಮೋಡ ಮುಚ್ಚಿತು. ಬಿಸಿಲು ಹೋಯಿತು ಅಂತ ಎಲ್ಲರೂ ಉಸ್ಸಂದರು. ನಾನು ಟವೆಲು ಮುಟ್ಟಿ ನೋಡಿದೆ. ಒಂದು ಗಂಟೆಯ ಹಿಂದೆ ಹೇಗಿತ್ತೋ ಹಾಗೇ ಇದೆ, ಹಿಂಡಿದರೆ ನೀರು ಬರುತ್ತದೆ. ಸರಳು ಬಡಿದೆ. ಮೇಲೆ ನೋಡಿ ಕೂಗಿದೆ:

"ಮೇಸ್ತ್ರಿ, ನಿನ್ನ ತಾರಸಿ ಆ ಕಡೆ ಸೊಟ್ಟ ಆಗಿದೆ."

ಅವನ ಕೆಲಸಕ್ಕೆ ಹೆಸರಿಟ್ಟರೆ ಅವನು ಊರು ಬಿಟ್ಟು ಓಡಿಸುತ್ತಾನೆ. ಏನನ್ನುತ್ತಾನೆ ಅಂತ ಕಾದೆ. ಅವನು ನನ್ನ ಕಡೆ ನಿಧಾನವಾಗಿ ತಿರುಗಿದ.

"ಹ್ಞೂಂ," ಅಂದ. "ಸೊಟ್ಟ ಆಗಿದೆ."

ಆ ಮನುಷ್ಯ ಒಪ್ಪಿಕೊಂಡುಬಿಟ್ಟ. ಕೈಯಲ್ಲಿದ್ದ, ಕಾಂಕ್ರೀಟು ಅದುರಿಸಿ ಕೂರಿಸುವ ವೈಬ್ರೇಟರನ್ನು ಆಗಲೇ ಮುಗಿಸಿದ ಜಾಗಕ್ಕೆ ಮತ್ತೆ ಇಳಿಸುತ್ತಿದ್ದ.

"ಸೊಸೆ," ಅಂತ ಕೂಗಿದೆ, "ಮೇಸ್ತ್ರಿ ನಾನು ಹೇಳಿದ್ದಕ್ಕೆ ಹೌದು ಅಂದ."

ಯಾರಿಗೂ ಅರ್ಥವಾಗಲಿಲ್ಲ, ಎತ್ತರದವಳೊಬ್ಬಳಿಗೆ ಬಿಟ್ಟು. ಅವಳು ಮೇಲೆಯೇ ಲಿಫ್ಟಿನ ಬಾಯಿಯ ಹತ್ತಿರವಿದ್ದಳು. ಬಾಂಡ್ಲಿ ಕೆಳಗಿಟ್ಟು ನೇರ ಅವನ ಹತ್ತಿರ ಹೋಗಿ ಕೈಯಿಂದ ವೈಬ್ರೇಟರು ತೆಗೆದುಕೊಂಡಳು.

"ಅಣ್ಣ, ಅಜ್ಜಿ ಕರೀತಿದಾರೆ. ಜಗಳ ಬಾಕಿ ಇದೆಯಂತೆ. ಇಳೀವ, ಬನ್ನಿ."

ಹಲಗೆಯ ಇಳಿಜಾರಿನಲ್ಲಿ ಮುಂದೆ ಒಬ್ಬ, ಹಿಂದೆ ಅವಳು, ನಡುವೆ ಅವನು. ತನ್ನ ಕಾಲಿನ ಮೇಲೆಯೇ ಇಳಿದ, ಆದರೆ ಹೆಜ್ಜೆ ಎಲ್ಲಿಡಬೇಕು ಅಂತ ಅವಳು ಹೇಳುತ್ತಿದ್ದಳು. ಕೆಳಗೆ ಬರುತ್ತಿದ್ದ ಹಾಗೇ ನಾನು ಹಿಡಿದು ನೆಲದ ಮೇಲೆ ಕೂರಿಸಿದೆ. ಬಾಯಿಗೆ ಬೆರಳು ಹಾಕಿ ಕವಳ ತೆಗೆಸಿದೆ, ಅಂಗಿ ಬಿಚ್ಚಿಸಿದೆ. ಹತ್ತಿರದಲ್ಲಿದ್ದದ್ದು ಸೋಗೆ ಮರೆಯ ಡ್ರಮ್ಮು. ಅದನ್ನೇ ತಲೆಯಿಂದ ಕಾಲಿನವರೆಗೆ ಮಗ್ಗುಮಗ್ಗಾಗಿ ಹೊಯ್ದೆವು. ಒಣಗದ ಟವೆಲು ಕುತ್ತಿಗೆಗೆ ಬಿತ್ತು. ಸೊಸೆ ಅಡಿಕೆ ಹಾಳೆ ಹಿಡಿದು ಬೀಸಿದಳು. ಮಗ ಟೆಂಪೊ ತಿರುಗಿಸಿದ.

ಮೇಲೆ ಕೆಲಸ ನಿಂತಿರಲಿಲ್ಲ. ಸಾಲು ಸರಿದಿತ್ತು. ಎತ್ತರದವಳು ವಾಪಸು ಹತ್ತಿ ಹೋಗಿ ಮಟ್ಟದ ಪಟ್ಟಿ ಹಿಡಿದುಕೊಂಡಿದ್ದಳು. ಎಷ್ಟೋ ವರ್ಷ ಅವನ ಕೈಯನ್ನೇ ನೋಡಿದವಳು.

ಇಪ್ಪತ್ತು ಮಗ್ಗು ಆಗಿರಬೇಕು. ಮೇಸ್ತ್ರಿ ಕಣ್ಣು ಒರೆಸಿಕೊಂಡು ಡ್ರಮ್ಮಿನ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಅಜ್ಜಿ, ಇದು ಯಾವ ಡ್ರಮ್ಮಿನ ನೀರು?"

"ಗೃಹಪ್ರವೇಶದ್ದು."

"ಥೂ," ಅಂದ.

ಆ ಥೂ ಕೇಳಿ ಆದ ಸಂತೋಷ ನನಗೆ ಮೊಮ್ಮಗ ಹುಟ್ಟಿದಾಗಲೂ ಆಗಿರಲಿಲ್ಲ ಅಂದರೆ ಮನೆಯಲ್ಲಿ ಬೈಯುತ್ತಾರೆ, ಆದರೂ ನಿಜ. ಆಗ ಅವನ ಕೈಗೆ ಮಜ್ಜಿಗೆ ಕೊಟ್ಟೆ. ಗುಟುಕು ಗುಟುಕಾಗಿ ಕುಡಿದ. ಈಗ ಸರಿಯಾಗಿದ್ದೇನೆ, ಮೇಲೆ ಹತ್ತುತ್ತೇನೆ ಅಂತ ಹಟ ಮಾಡಿದ. ಸೊಸೆ ಕೇಳಲಿಲ್ಲ, ಟೆಂಪೊ ಹತ್ತಿಸಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕಳಿಸಿಯೇಬಿಟ್ಟಳು.

ಎರಡೂವರೆಗೆ ಕೊನೆಯ ಮೂಲೆ ಮುಗಿಯಿತು. ನಾಲ್ಕು ಗಂಟೆಗೆ ಮೇಸ್ತ್ರಿ ವಾಪಸು ಬಂದ. ಡ್ರಿಪ್ ಹಾಕಿ, ಒಂದು ವಾರ ಕೆಲಸ ಮಾಡಬಾರದು ಅಂತ ಹೇಳಿ ಕಳಿಸಿದ್ದರು. ಬಂದವನೇ ತಾರಸಿ ನೋಡಲು ಹೊರಟ, ನಾನು ಮರದ ಕೆಳಗೆ ಕೂರಿಸಿದೆ. ಊರವರು ಎಲೆ ಹಾಕಿ ಅನ್ನ, ಕೋಳಿಸಾರು ಬಡಿಸಿದರು. ಎಲ್ಲರೂ ಕೂತರು. ಸೊಸೆ ಮಾತ್ರ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದಳು. ಆಣೆಯ ವಿಷಯ ಗ್ಯಾಂಗಿಗೆಲ್ಲ ಗೊತ್ತಿತ್ತು. ಒಬ್ಬರೂ ತುತ್ತು ಎತ್ತಲಿಲ್ಲ.

ಮೇಸ್ತ್ರಿಯೇ ಬಾಯಿ ಬಿಟ್ಟ. "ಯಾರು ಬಿದ್ದಿದ್ದು? ನಾನು ನನ್ನ ಕಾಲ ಮೇಲೆ ಇಳಿದು ಬಂದೆ. ಅಜ್ಜಿನ ಕೇಳಿ."

"ಅತ್ತೆ?" ಅಂದಳು ಸೊಸೆ.

"ಬೀಳ್ಲಿಲ್ಲ. ನಾನು ಕೂರಿಸಿದ್ದು," ಅಂದೆ. ಸುಳ್ಳೇನೂ ಅಲ್ಲ.

ಸೊಸೆ ತಲೆ ಆಡಿಸಿದಳು. "ಬೀಳಕ್ಕೆ ಎಷ್ಟು ಹೊತ್ತಿತ್ತು ಅತ್ತೆ? ನಿಮ್ಗೂ ಗೊತ್ತು, ನಂಗೂ ಗೊತ್ತು. ಸಿಗಂದೂರಮ್ಮನಿಗೆ ಗೊತ್ತಿಲ್ವಾ?"

ಉತ್ತರ ಕೊಟ್ಟವಳು ಎತ್ತರದವಳು. ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಸರಿಸುತ್ತ, ಯಾರ ಮುಖವನ್ನೂ ನೋಡದೆ ಮಾತಾಡಿದಳು.

"ಅಕ್ಕ, ನೀವು ಮಿಕ್ಸರ್ ಮಾರಿದ್ರೆ ನಾನು ಮನೇಲಿ ಕೂರಕ್ಕಾಗಲ್ಲ. ಇನ್ನೊಬ್ರ ಸೈಟಿಗೆ ಹೋಗ್ತೀನಿ. ಅಲ್ಲಿ ಸೋಗೆ ಮರೆ ಇರಲ್ಲ. ಸರಳು ಬಡಿಯೋರು ಇರಲ್ಲ. ಮತ್ತೆ ಕವಳ ಹಾಕ್ಕಂಡು ತಡ್ಕಂಡಿರ್ತೀನಿ. ಅಲ್ಲಿ ಬಿದ್ರೆ ಯಾರು ಆಣೆ ಮಾಡ್ತಾರೆ?"

ಬಡಿಸುವವರು ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದರು. ಸೊಸೆ ಕಟ್ಟಿದ ಕೈ ಬಿಚ್ಚಿ ಎಲೆ ಮುಂದಕ್ಕೆ ಎಳೆದುಕೊಂಡಳು.

"ಸಾರು ಹಾಕಿ," ಅಂದಳು.

ಮುಂದಿನ ಮಂಗಳವಾರ ಗ್ಯಾಂಗೆಲ್ಲ ಟೆಂಪೊದಲ್ಲಿ ಸಿಗಂದೂರಿಗೆ ಹೋಗಿ ಬಂದೆವು. ಸೊಸೆ ದೇವಿಯ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ಏನು ಮಾತಾಡಿಕೊಂಡರೋ, ಅದು ಅವರಿಬ್ಬರ ವಿಷಯ. ಬರುವಾಗ ದಾರಿಯಲ್ಲಿ ಹೊಸ ಕಾನೂನು ಹೇಳಿದಳು: ಗುಂಡಿ ತೆಗೆದು ಮರೆ ಕಟ್ಟುವ ಮೊದಲು ಮಿಕ್ಸರು ಟೆಂಪೊದಿಂದ ಕಳಚುವುದಿಲ್ಲ. ಬೇಸಿಗೆಯ ದೊಡ್ಡ ತಾರಸಿಗೆ ಇನ್ನೊಂದು ಗ್ಯಾಂಗನ್ನು ಸೇರಿಸಿಕೊಂಡು ಅರ್ಧರ್ಧ ಜನ ಸರದಿಯಲ್ಲಿ ದುಡಿಯುವುದು. ಮೇಸ್ತ್ರಿಯ ಎಲೆ ಸಂಚಿ ಬೆಳಿಗ್ಗೆ ಅಜ್ಜಿಯ ವಶಕ್ಕೆ.

"ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಕೇಳಿ," ಅಂದ ಮೇಸ್ತ್ರಿ.

"ಅದೊಂದೇ," ಅಂದಳು ಸೊಸೆ. ಹೇಳಿ ಕಿಟಕಿಯ ಕಡೆ ತಿರುಗಿ ಸಿಳ್ಳೆ ಹಾಕಿದಳು. ಸ್ಟೇರಿಂಗು ಹಿಡಿದಿದ್ದ ಮಗ ನನ್ನ ಕಡೆ ನೋಡಿ ನಕ್ಕ.

ಈ ವರ್ಷದ ಬೇಸಿಗೆಯಲ್ಲೂ ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಎತ್ತರದವಳು ಈಗ ತಾರಸಿಯ ಒಂದು ಬದಿಯನ್ನು ತಾನೇ ಮಟ್ಟ ಮಾಡುತ್ತಾಳೆ. ಇನ್ನೊಂದು ಬದಿ ಮೇಸ್ತ್ರಿಯದು. ಯಾರದು ಹೆಚ್ಚು ನೇರ ಅಂತ ಅವರಿಬ್ಬರಿಗೂ ದಿನಾ ಜಗಳ. ನನ್ನ ಹೊರೆ ಅಷ್ಟು ಕಡಿಮೆಯಾಗಿದೆ.

ಮೊನ್ನೆ ಸಾಗರದ ಒಂದು ಸೈಟಿನಲ್ಲಿ ಮೇಸ್ತ್ರಿ ಲೋಟ ಬೋರಲು ಮಾಡಿ ತೋರಿಸಿ ಕವಳಕ್ಕೆ ಕೈ ಚಾಚಿದ. "ಅಜ್ಜಿ, ಇವತ್ತಿನ ಮಜ್ಜಿಗೆಗೆ ಉಪ್ಪು ಜಾಸ್ತಿ," ಅಂದ. ಎಂದಿನ ಹಾಗೆ ನಾನು ಬೈಯಬೇಕಿತ್ತು. ಯಾಕೋ ತಮಾಷೆ ಮಾಡೋಣ ಅನ್ನಿಸಿತು. ಕವಳ ಕೈಗಿಟ್ಟು, ಮುಖ ಸಪ್ಪೆ ಮಾಡಿಕೊಂಡು ಮೆಲ್ಲಗೆ ಹೇಳಿದೆ:

"ಹೌದು ಮೇಸ್ತ್ರಿ. ನೀನು ಹೇಳಿದ್ದೇ ಸರಿ."

ಅವನ ಕೈಯಿಂದ ಕವಳ ಬಿತ್ತು. ತಿರುಗಿ ನೋಡುವಷ್ಟರಲ್ಲಿ, "ಅಜ್ಜಿ ಹೌದು ಅಂದ್ರು" ಅಂತ ಕೂಗುತ್ತ ಮಗ್ಗು ಹಿಡಿದು ಡ್ರಮ್ಮಿನ ಕಡೆ ಓಡಿದ್ದ. ಎದ್ದು ತಪ್ಪಿಸಿಕೊಳ್ಳುವ ವಯಸ್ಸಾ ನನ್ನದು? ಮೂರು ಮಗ್ಗು ನೀರು ತಲೆಯ ಮೇಲೆ ಬಿದ್ದ ಮೇಲೆ ಅವನಿಗೆ ಬೇಕಾದ ಬೈಗುಳವನ್ನೆಲ್ಲ ಬೈದೆ. ಆಮೇಲೇ ಅವನು ಸಮಾಧಾನವಾಗಿ ಕೆಲಸಕ್ಕೆ ಹತ್ತಿದ್ದು.